ಕೀಲೆಣ್ಣೆಯ ಕಥೆ

ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳನ್ನು ಒಮ್ಮೆ ಕಂಡವರು ಮರೆಯಲಾರರು. ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ 1133ರಲ್ಲಿ ಕಟ್ಟಿಸಿದ ಬಸದಿ ಅದು. ಕಂಬದ ಹತ್ತಿರ ಹೋದರೆ ನಮ್ಮ ಮುಖವೇ ಅದರಲ್ಲಿ ಮೂಡುತ್ತದೆ. ಸುತ್ತಲೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹರಿದಿರುವ ಬಳೆಗಳನ್ನು ನೋಡಿದರೆ, ಈ ಕಲ್ಲನ್ನು ತಿರುಗಿಸುತ್ತಲೇ ಕಡೆದರೆಂಬುದರಲ್ಲಿ ಸಂದೇಹ ಉಳಿಯದು. ಬೇಲೂರಿನಲ್ಲಿಯೂ ಇಂಥ ಕಂಬಗಳಿವೆ.

ಈ ಕಂಬಗಳನ್ನು ಕುರಿತು ಇಂದು ಅದ್ಭುತದ ಮಾತುಗಳು ಬಹಳ ಕೇಳಿಬರುತ್ತವೆ. ಯಾವುದೋ ಲುಪ್ತವಾದ ಮಹಾಯಂತ್ರದ ಕೆಲಸವಿದು ಎನ್ನುವವರೂ ಉಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಹೊಯ್ಸಳರ ಬಳಪದ ಕಲ್ಲು ಮೃದುವಾದದ್ದು. ಉಳಿಗೆ ಸುಲಭವಾಗಿ ಒಗ್ಗುವಂಥದು. ಕಂಬವನ್ನು ನೆಟ್ಟಗೆ ನಿಲ್ಲಿಸಿ, ತಳದ ಗೂಟದ ಮೇಲೆ ಜನ ಕೈಯಿಂದ ತಿರುಗಿಸುತ್ತಿದ್ದರೆಂಬುದು ಕೆಲವು ವಿದ್ವಾಂಸರ ಊಹೆ. ನನ್ನ ಕುತೂಹಲ ಬೇರೆ ಕಡೆಗಿದೆ. ಅಷ್ಟು ಭಾರದ ಕಲ್ಲು ತಿರುಗುವಾಗ ಆ ಗೂಟಕ್ಕೆ ಏನನ್ನು ಸವರುತ್ತಿದ್ದರು? ಮೇಲಿಂದ ಕಲ್ಲಿನ ಹುಡಿ ಎಡೆಬಿಡದೆ ಸುರಿಯುತ್ತಿರುವಾಗ ಎಣ್ಣೆಯ ಗತಿ ಏನಾಗುತ್ತಿತ್ತು? ಕಲ್ಲು ಉಳಿಯುತ್ತದೆ, ಎಣ್ಣೆ ಉಳಿಯುವುದಿಲ್ಲ. ಆದುದರಿಂದ ನಮ್ಮ ಚರಿತ್ರೆಯಲ್ಲಿ ಉಳಿಗೆ ದೊರೆತ ಸ್ಥಾನ ಎಣ್ಣೆಗೆ ದೊರೆತಿಲ್ಲ.

ಎಣ್ಣೆಯ ಸುದ್ದಿ ಶಾಸನಗಳಲ್ಲಿ ಇಲ್ಲವೆಂದಲ್ಲ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಂಪುಟವು ಈ ಸೀಮೆಯ ಶಾಸನಗಳ ಭಂಡಾರ. ಗಾಣದ ತೆರಿಗೆ, ನಂದಾದೀವಿಗೆಗೆ ಬಿಟ್ಟ ಎಣ್ಣೆ, ತೆಲ್ಲಿಗರ ಐವತ್ತೊಕ್ಕಲು, ಇವೆಲ್ಲ ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು. ಆದರೆ ದೇವರ ಮುಂದೆ ಉರಿದ ಎಣ್ಣೆಗೆ ಶಾಸನ ಸಿಕ್ಕಿತು. ಅಚ್ಚಿಗೆ ಸವರಿದ ಎಣ್ಣೆಗೆ ಯಾರು ಶಾಸನ ಹಾಕಿಸುತ್ತಾರೆ?

ಆ ಎಣ್ಣೆಯ ವಿವೇಕ ಉಳಿದುಬಂದದ್ದು ಎತ್ತಿನ ಗಾಡಿಯಲ್ಲಿ. ಅರಸೀಕೆರೆಯ ಬಯಲುಸೀಮೆಯ ಧೂಳಿನಲ್ಲಿ ಓಡಾಡಿದ ಗಾಡಿಗಳಿಗೆ ಹರಳೆಣ್ಣೆಯೇ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಅದರಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಗೆ ನೇತುಹಾಕುತ್ತಿದ್ದರು. ಎಳ್ಳೆಣ್ಣೆ, ಕುಸುಬೆ ಎಣ್ಣೆ, ಹುಚ್ಚೆಳ್ಳೆಣ್ಣೆಗಳಿಗೂ ಕೊರತೆಯಿರದ ನಾಡಿನಲ್ಲಿ ಹರಳೆಣ್ಣೆಯೇ ಏಕೆ? ಕುಸುಬೆ, ಅಗಸೆಗಳ ಎಣ್ಣೆ ಗಾಳಿಗೆ ಒಡ್ಡಿದರೆ ಒಣಗಿ ಅಂಟಾಗುತ್ತದೆ; ಅಚ್ಚಿನಲ್ಲಿ ಅದು ಗೋಂದಿನಂತೆ ಕೂರುತ್ತದೆ. ಎಳ್ಳೆಣ್ಣೆಯೂ ದಿನ ಕಳೆದಂತೆ ಜಿಗುಟಾಗುತ್ತದೆ. ಹರಳೆಣ್ಣೆ ಒಣಗುವುದಿಲ್ಲ, ಜೊತೆಗೆ ಬಹಳ ಮಂದ; ಭಾರ ಬಿದ್ದಾಗ ಬದಿಗೆ ಹರಿದುಹೋಗದು. ಕರಿ ಸೇರಿದರೆ ಇನ್ನಷ್ಟು ಗಟ್ಟಿ. ಗಾಡಿಯವನು ಹೊಸ ಎಣ್ಣೆ ಹಚ್ಚುವ ಮೊದಲು ಹಳೆಯ ಕಪ್ಪು ಜಿಡ್ಡನ್ನು ಒರೆಸಿ ತೆಗೆಯುತ್ತಿದ್ದನು. ಅದೇ ನಿಜವಾದ ಜಾಣತನವೆಂದು ನನ್ನ ಎಣಿಕೆ. ಧೂಳು ಕೂಡಿದ ಎಣ್ಣೆ ಎಣ್ಣೆಯಾಗಿ ಉಳಿಯದು. ಅದು ಸಾಣೆಯ ಹಿಟ್ಟು.

1889ರ ಹೊತ್ತಿಗೆ ಬೆಂಗಳೂರು–ಹರಿಹರದ ರೈಲು ಅರಸೀಕೆರೆಯ ಮೂಲಕ ಹಾದುಹೋಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ರೈಲುಗಳ ಕೀಲಿಗೂ ದೀಪಕ್ಕೂ ಹರಳೆಣ್ಣೆ ಬಳಕೆಯಾಯಿತು. ಗಾಡಿಯ ಗೊಟ್ಟದಿಂದ ಅದು ಉಕ್ಕಿನ ಅಚ್ಚಿಗೆ ಏರಿತು; ಮೊದಲನೆಯ ಮಹಾಯುದ್ಧದಲ್ಲಿ ವಿಮಾನಕ್ಕೂ ಏರಿತು. ತಾನೇ ಗಿರನೆ ತಿರುಗುತ್ತಿದ್ದ ಅಂದಿನ ವಿಮಾನ ಎಂಜಿನಿಗೆ ಪೆಟ್ರೋಲಿನಲ್ಲಿ ಕರಗದ ಎಣ್ಣೆಯೇ ಬೇಕಾಗಿತ್ತು. ‘ಕ್ಯಾಸ್ಟ್ರಾಲ್’ ಎಂಬ ಹೆಸರಿನಲ್ಲಿ ಅಡಗಿರುವುದೂ ಹರಳೆಣ್ಣೆಯ ಇಂಗ್ಲಿಷ್ ಹೆಸರೇ. ಅಷ್ಟರಲ್ಲಿ ನೆಲದಡಿಯ ಎಣ್ಣೆ ಬಂದಿತ್ತು: ಅಮೆರಿಕದ ಪೆನ್ಸಿಲ್ವೇನಿಯದಲ್ಲಿ 1859ರ ಬಾವಿ, ನಮ್ಮ ಡಿಗ್ಬಾಯಿಯಲ್ಲಿ 1901ರ ಶುದ್ಧೀಕರಣ ಕಾರ್ಖಾನೆ. ಅಗ್ಗದ ಗ್ರೀಸು ದೊರೆತ ಮೇಲೆ ಹರಳೆಣ್ಣೆ ಕೀಲುಗಳಿಂದ ಬಹುಮಟ್ಟಿಗೆ ಹಿಂದೆ ಸರಿಯಿತು.

ಇನ್ನು ಮರ ಕೊಯ್ಯುವ ಮಿಲ್ಲು. ಒಂದು ಬದಿಗೆ ಮಲೆನಾಡು, ಇನ್ನೊಂದು ಬದಿಗೆ ಬಯಲು ಇರುವ ಈ ಸೀಮೆಗೆ ಮರದ ವ್ಯಾಪಾರ ಹೊಸದಲ್ಲ. ಬ್ಯಾಂಡ್ ಸಾ ಎಂಬ ಪಟ್ಟಿಗರಗಸವು ಮೇಲೊಂದು ಕೆಳಗೊಂದು ದೊಡ್ಡ ಚಕ್ರದ ನಡುವೆ ಓಡುತ್ತದೆ. ಮರದ ಹುಡಿಯೆಲ್ಲ ಕೆಳಗಿನ ಚಕ್ರದ ಮೇಲೆ ಸುರಿಯುತ್ತದೆ. ಕಲ್ಲಿನ ಹುಡಿಗಿಂತ ಇದರ ಗುಣ ಬೇರೆ. ಇದು ಎಣ್ಣೆಯನ್ನು ಹೀರುತ್ತದೆ. ತೆರೆದ ಕೀಲಿಗೆ ತೆಳುವಾದ ಎಣ್ಣೆ ಬಿಟ್ಟರೆ ಸಂಜೆಯ ಹೊತ್ತಿಗೆ ಎಣ್ಣೆಯೆಲ್ಲ ಹುಡಿಯ ಹೊಟ್ಟೆ ಸೇರಿ, ಕೀಲು ಒಣಗಿ, ಅದರ ಸುತ್ತ ಕಣಕದಂಥ ಮುದ್ದೆ ಮಾತ್ರ ಉಳಿಯುತ್ತದೆ. ಆದ್ದರಿಂದ ಜಾರುಹಳಿ, ತಿರುಪಿನ ಎಳೆ ಮುಂತಾದ ತೆರೆದ ಭಾಗಗಳಿಗೆ ಗ್ರಾಫೈಟಿನ ಪುಡಿ ಅಥವಾ ಮೇಣ ಲೇಸು. ಅವು ಹುಡಿಯನ್ನು ಅಷ್ಟಾಗಿ ಹಿಡಿದಿಡುವುದಿಲ್ಲ. ಮುಚ್ಚಿದ ಬೇರಿಂಗಿಗೆ ಗ್ರೀಸೇ ಬೇಕು. 1940ರ ದಶಕದಲ್ಲಿ ಬಂದ ಲಿಥಿಯಂ ಸಾಬೂನಿನ ಗ್ರೀಸು ಬಿಸಿಗೂ ನೀರಿಗೂ ತಡೆಯುತ್ತದೆ. ಅಂಚಿನಲ್ಲಿ ಉಂಗುರದಂತೆ ನಿಂತು ಹುಡಿಯನ್ನು ಹೊರಗೇ ತಡೆಯುತ್ತದೆ. ಹಾಗೆಂದು ವೇಗದ ಬೇರಿಂಗಿಗೆ ಕಂಠಪೂರ್ತಿ ತುಂಬಿದರೆ ಅದು ಕಾಯ್ದು, ಮುಚ್ಚಳದ ಅಂಚನ್ನು ಹಾಳುಮಾಡುತ್ತದೆ. ಹಳೆಯ ಗಾಡಿಯವನ ಒರೆಸುವ ಬಟ್ಟೆಗೆ ಇಲ್ಲಿಯೂ ಕೆಲಸವುಂಟು: ಗ್ರೀಸು ತುಂಬುವ ಮೊಲೆಯನ್ನು ಒರೆಸದೆ ಒತ್ತಿದರೆ ಗ್ರೀಸಿಗಿಂತ ಮೊದಲು ಹುಡಿಯೇ ಒಳಗೆ ಹೋಗುತ್ತದೆ.

ಇದು ಯಂತ್ರದ ಆಯುಷ್ಯದ ಮಾತಷ್ಟೇ ಆಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಒಣಗಿ ಕಾಯ್ದ ಬೇರಿಂಗು, ಅದರ ಪಕ್ಕದಲ್ಲಿ ಎಣ್ಣೆ ಕುಡಿದ ಹುಡಿ: ಸಾಮಿಲ್ಲಿಗೆ ಬೆಂಕಿ ಬೀಳಲು ಬೇರೆ ಕಾರಣ ಬೇಕಿಲ್ಲ. ಒಣಗುವ ಜಾತಿಯ ಎಣ್ಣೆಯಾದರೆ ಕಿಡಿಯೂ ಬೇಡ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆ ಅಥವಾ ಹುಡಿಯ ಗುಡ್ಡೆ ತನ್ನಷ್ಟಕ್ಕೆ ತಾನೇ ಒಳಗೊಳಗೆ ಕಾಯ್ದು ಹೊತ್ತಿಕೊಳ್ಳಬಲ್ಲದು. ಮಿಲ್ಲಿನ ಕೂಲಿಯವನು ಸಂಜೆ ಪೊರಕೆ ಹಿಡಿದು ಕೆಳಗಿನ ಚಕ್ರದ ಗುಂಡಿಯನ್ನು ಗುಡಿಸುವುದು ಅದಕ್ಕಾಗಿಯೇ.

ಈಜಿಪ್ಟಿನ ಒಂದು ಸಮಾಧಿಯಲ್ಲಿ ಕ್ರಿಸ್ತಪೂರ್ವ 1900ರ ಸುಮಾರಿನ ಚಿತ್ರವೊಂದಿದೆ. ಭಾರಿ ವಿಗ್ರಹವನ್ನು ಜಾರುಬಂಡಿಯ ಮೇಲಿಟ್ಟು ನೂರಾರು ಜನ ಎಳೆಯುತ್ತಿದ್ದಾರೆ. ಬಂಡಿಯ ಮುಂತುದಿಯ ಮೇಲೆ ಒಬ್ಬನು ನಿಂತು ಮರಳಿಗೆ ನೀರು ಹೊಯ್ಯುತ್ತಿದ್ದಾನೆ. ಹದವಾಗಿ ನೆನೆದ ಮರಳಿನ ಮೇಲೆ ಎಳೆಯುವ ಶ್ರಮ ಬಹಳ ತಗ್ಗುತ್ತದೆಂದು 2014ರಲ್ಲಿ ಆಮ್‌ಸ್ಟರ್‌ಡಾಮಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಅಲ್ಲಿನ ಚಿತ್ರಕಾರನು ನೀರು ಹೊಯ್ಯುವವನನ್ನು ಬಿಡದೆ ಬರೆದನು. ನಮ್ಮ ಹಳೇಬೀಡಿನ ಗೋಡೆಗಳಲ್ಲಿ ಆನೆ, ಕುದುರೆ, ರಥಗಳಿವೆ. ರಥಗಳ ಚಕ್ರಗಳೂ ಇವೆ. ಮುಂದಿನ ಸಲ ಹೋದಾಗ ಆ ಚಕ್ರಗಳ ಗುಂಬದ ಬಳಿ ಯಾರಾದರೂ ಗೊಟ್ಟ ಹಿಡಿದು ನಿಂತಿದ್ದಾರೆಯೇ ಎಂದು ಹುಡುಕಬೇಕೆಂದಿದ್ದೇನೆ.