ವಿದ್ಯುಜ್ಜನಕ ಬ್ಯಾಕ್ಟೀರಿಯಾಗಳ ಸುಧಾರಣೆ

ಸೂಕ್ಷ್ಮಜೀವಿ ಇಂಧನಕೋಶದಲ್ಲಿ ಹೆಚ್ಚು ವಿದ್ಯುತ್ ದೊರೆಯುವಂತೆ ಬ್ಯಾಕ್ಟೀರಿಯಾಗಳನ್ನು ಆಯ್ದು ಪಳಗಿಸುವ, ಇಲ್ಲವೇ ಅವುಗಳ ಜೀನ್ ತಿದ್ದುವ ಕೆಲಸ. ಕೆಸರಿನಲ್ಲಿ, ಆಮ್ಲಜನಕ ಸಿಗದ ಕಡೆ, ಕೆಲವು ಬ್ಯಾಕ್ಟೀರಿಯಾಗಳು ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಮೈಹೊರಗಿನ ಕಬ್ಬಿಣದ ಆಕ್ಸೈಡಿಗೆ ದಾಟಿಸಿ ಉಸಿರಾಡುತ್ತವೆ. ಆಕ್ಸೈಡಿನ ಜಾಗದಲ್ಲಿ ಗ್ರಾಫೈಟ್ ಆನೋಡ್ ಇಟ್ಟರೆ ಎಲೆಕ್ಟ್ರಾನುಗಳು ಅದಕ್ಕೆ ಹರಿಯುತ್ತವೆ. ತಂತಿಯ ಮೂಲಕ ಕ್ಯಾಥೋಡ್ ಸೇರುತ್ತವೆ.

ಬ್ಯಾಕ್ಟೀರಿಯಾದಿಂದ ವಿದ್ಯುತ್ ಬರುವುದನ್ನು ಇಂಗ್ಲೆಂಡಿನ ಎಂ. ಸಿ. ಪಾಟರ್ 1911ರಲ್ಲೇ ತೋರಿಸಿದ್ದರು. ಇಂದಿನ ಸಂಶೋಧನೆಯ ಮುಖ್ಯ ಜೀವಿಗಳು ಜಿಯೋಬ್ಯಾಕ್ಟರ್ ಮತ್ತು ಶೆವನೆಲ್ಲಾ.

ಹೆಸರುವಾಸಿಯಾದ ಸುಧಾರಿತ ತಳಿ ಕೆಎನ್400 ಜೀನ್ ಜೋಡಣೆಯಿಂದ ಹುಟ್ಟಿದ್ದಲ್ಲ. ಡೆರೆಕ್ ಲವ್ಲಿಯವರ ತಂಡ ಜಿಯೋಬ್ಯಾಕ್ಟರ್ ಸಲ್ಫರೆಡ್ಯೂಸೆನ್ಸನ್ನು ಕಡಿಮೆ ವಿಭವಕ್ಕೆ ನಿಲ್ಲಿಸಿದ ಆನೋಡಿನ ಮೇಲೆ ಐದು ತಿಂಗಳು ಬೆಳೆಸಿ, ಅಲ್ಲಿ ತಾಳಿಕೊಂಡು ಗೆದ್ದದ್ದನ್ನು ಆರಿಸಿಕೊಂಡಿತು. 2009ರ ವರದಿಯಂತೆ ಚದರ ಮೀಟರಿಗೆ 0.5 ವಾಟ್ ಇದ್ದ ಶಕ್ತಿ 3.9 ವಾಟ್‌ಗೆ ಏರಿತು. ಇದಕ್ಕೆ ವ್ಯತಿರಿಕ್ತವಾಗಿ, ಅದೇ ಬ್ಯಾಕ್ಟೀರಿಯಾದ ಜೀನ್ ತಿದ್ದಿ ಉಸಿರಾಟದ ವೇಗ ಹೆಚ್ಚಿಸಿದ 2008ರ ಪ್ರಯತ್ನದಲ್ಲಿ ವಿದ್ಯುತ್ ಹೆಚ್ಚಲಿಲ್ಲ: ಎಷ್ಟು ತಿಂದರೂ ಎಲೆಕ್ಟ್ರಾನನ್ನು ಹೊರಗೆ ದಾಟಿಸುವ ದಾರಿಯೇ ಇಕ್ಕಟ್ಟು.

ಪ್ರಯೋಗಾಲಯದಲ್ಲಿ ಗೆದ್ದ ತಳಿ ತೋಟದ ನೀರಿನಲ್ಲಿ ಬಾಳುತ್ತದೆ ಎನ್ನುವಂತಿಲ್ಲ. ಕೊಡಗಿನ ಮಾದಾಪುರದಂಥ ಕಾಫಿ ಸೀಮೆಯನ್ನೇ ನೋಡಬಹುದು. ಅರೇಬಿಕಾ ಹಣ್ಣನ್ನು ಪಲ್ಪ್ ಮಾಡಿ ತೊಳೆದಾಗ ಲೋಳೆಯ ಸಕ್ಕರೆ, ಪೆಕ್ಟಿನ್ ನೀರಿಗಿಳಿದು ಬೇಗನೆ ಹುಳಿಯುತ್ತವೆ. ಪಿಎಚ್ 4ರ ಆಸುಪಾಸಿಗೆ ಕುಸಿಯುತ್ತದೆ. ಹಾಗೆಯೇ ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕ ಬರಿದಾಗುವುದರಿಂದ ಅದನ್ನು ಹೊಂಡದಲ್ಲಿ ನಿಲ್ಲಿಸಿ ಸುಣ್ಣ ಹಾಕುತ್ತಾರೆ. ಇಂಧನಕೋಶಕ್ಕೆ ಇಂಥ ನೀರು ಒಳ್ಳೆಯ ಮೇವೆನಿಸುತ್ತದೆ, ಆದರೆ ಜಿಯೋಬ್ಯಾಕ್ಟರ್ ಸಕ್ಕರೆಯನ್ನು ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಅಸಿಟೇಟ್, ಜೊತೆಗೆ ತಟಸ್ಥಕ್ಕೆ ಹತ್ತಿರದ ಪಿಎಚ್. ಸಕ್ಕರೆಯನ್ನು ಹುದುಗಿಸಿ ಅಸಿಟೇಟ್ ಮಾಡಿಕೊಡುವ ಬೇರೆ ಬ್ಯಾಕ್ಟೀರಿಯಾಗಳು ಒಟ್ಟಿಗಿರಬೇಕು. ಆದ್ದರಿಂದ ಇಲ್ಲಿ ಒಂಟಿ ತಳಿಗಿಂತ, ಗದ್ದೆಯ ಕೆಸರನ್ನು ಬೀಜವಾಗಿ ಹಾಕಿ ಆನೋಡಿನ ಮೇಲೆ ಪಳಗಿಸಿದ ಸಮುದಾಯವೇ ಹೆಚ್ಚು ಭರವಸೆಯದು. ಗದ್ದೆಯ ಕೆಸರಿನಲ್ಲಿ ಜಿಯೋಬ್ಯಾಕ್ಟರ್ ಬಂಧುಗಳು ಮೊದಲೇ ಇರುತ್ತವೆ.

ಉಳಿಯುವ ತೊಡಕು ಕಾಲದ್ದು. ಪಲ್ಪಿಂಗ್ ನಡೆಯುವುದು ಕೊಯ್ಲಿನ ಕೆಲವು ವಾರ ಮಾತ್ರ; ಮಿಕ್ಕ ತಿಂಗಳುಗಳಲ್ಲಿ ಆನೋಡಿನ ಪದರವನ್ನು ಕೊಟ್ಟಿಗೆಯ ಗಂಜಳ, ಅಡುಗೆಮನೆಯ ನೀರಿನಂಥ ಬೇರೆ ಮೇವಿನಿಂದ ಜೀವಂತವಾಗಿಡಬೇಕಾಗುತ್ತದೆ.