ಫೋನ್ ಕ್ಯಾಮೆರಾಕ್ಕೆ ಬೀಗ ಬಿದ್ದದ್ದು ಹೇಗೆ? ಮನೆಯಿಂದ ಪರೀಕ್ಷೆ ಬರೆಯೋರಿಗೆ ಒಂದು ಸಣ್ಣ ಇತಿಹಾಸ

ಪುಣೆಯಿಂದ ಮಾತಾಡ್ತಿದ್ದೀನಿ. ಈ ಸಲದ ವಿಷಯ ಮೇಲ್ನೋಟಕ್ಕೆ ಬರೀ ಟೆಕ್ ಸಪೋರ್ಟ್ ಥರ ಕಾಣುತ್ತೆ. ಮನೆಯಲ್ಲಿ ಕೂತು ಆನ್‌ಲೈನ್ ಪರೀಕ್ಷೆ ಬರೆಯುವಾಗ ಫೋನ್ ಕ್ಯಾಮೆರಾ ಯಾಕೆ ಕೈಕೊಡುತ್ತೆ ಅನ್ನೋ ಪ್ರಶ್ನೆ. ಹಿಂಜವಡಿ, ವಾಕಡ್ ಕಡೆ ಇರೋ ನಮ್ಮವರ ಮನೆಗಳಲ್ಲಿ ಯಾರಾದ್ರೂ ಒಬ್ರು ಸರ್ಟಿಫಿಕೇಷನ್ನೋ, ದೂರಶಿಕ್ಷಣದ ಎಂಬಿಎಯೋ ಮಾಡ್ತಾನೇ ಇರ್ತಾರೆ. ಹಾಗಾಗಿ ಈ ಪ್ರಶ್ನೆ ನನಗೆ ಆಗಾಗ ಬರುತ್ತೆ. ಆದ್ರೆ ಇದರ ಹಿಂದೆ ಒಂದು ಇತಿಹಾಸ ಇದೆ, ಅದು ಗೊತ್ತಿದ್ರೆ ರಿಪೇರಿ ಅರ್ಧ ಆದ ಹಾಗೆ.

ನಾವು ಎಸ್ಸೆಸ್ಸೆಲ್ಸಿ, ಪಿಯುಸಿ ಬರೆದ ಕಾಲ ನೆನಪು ಮಾಡಿಕೊಳ್ಳಿ. ಕೊಠಡಿ ಮೇಲ್ವಿಚಾರಕರು ಇರ್ತಿದ್ರು, ಮಧ್ಯೆ ಸ್ಕ್ವಾಡ್ ಬಂತು ಅಂದ್ರೆ ಇಡೀ ಹಾಲ್ ಗಪ್‌ಚುಪ್. ಅಲ್ಲಿ ಕೊಠಡಿ ಅವರದು, ಬಾಗಿಲು ಅವರದು, ನೋಡುವ ಕಣ್ಣೂ ಅವರದೇ. ಮನೆಯ ಪರೀಕ್ಷೆಯಲ್ಲಿ ಇದು ತಿರುಗುಮುರುಗಾಯಿತು. ಕೊಠಡಿ ನಮ್ಮದು, ನೋಡುವ ಕಣ್ಣು ಕೂಡ ನಮ್ಮ ಜೇಬಿನಲ್ಲಿರೋ ಫೋನಿನದೇ. 2008ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಪ್ರಾಕ್ಟರ್‌ಯು ಶುರುವಾದಾಗ, ದೂರದಲ್ಲಿ ಕೂತ ಒಬ್ಬ ಮನುಷ್ಯ ವೆಬ್‌ಕ್ಯಾಮ್ ಮೂಲಕ ಪರೀಕ್ಷಾರ್ಥಿಯನ್ನು ನೋಡುತ್ತಿದ್ದ. ಆ ವ್ಯವಸ್ಥೆ ಕಂಪ್ಯೂಟರನ್ನು ನಂಬಿಕೊಂಡಿತ್ತು. ನಮ್ಮ ದೇಶದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬಂದದ್ದು ಕೊರೋನಾ ಕಾಲಕ್ಕೆ. ಆ ಹೊತ್ತಿಗೆ ಬಹಳಷ್ಟು ಮಕ್ಕಳ ಕೈಯಲ್ಲಿ ಇದ್ದದ್ದು ಫೋನ್ ಮಾತ್ರ.

2020ನೇ ಇಸವಿಯನ್ನೇ ನೋಡಿ. ಕರ್ನಾಟಕದಲ್ಲಿ ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಮಕ್ಕಳು ಮಾಸ್ಕ್ ಹಾಕಿಕೊಂಡು ಕೇಂದ್ರಗಳಲ್ಲೇ ಪರೀಕ್ಷೆ ಬರೆದರು. ಅದೇ ವರ್ಷ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಬೇರೆ ದಾರಿ ಹಿಡಿಯಿತು. ದೇಶದ ಲಾ ಶಾಲೆಗಳ ಸಾಮಾನ್ಯ ಪ್ರವೇಶ ಪರೀಕ್ಷೆ ಕ್ಲಾಟ್ ಮತ್ತೆ ಮತ್ತೆ ಮುಂದಕ್ಕೆ ಹೋಗ್ತಿತ್ತು ಅಂತ, ಎನ್‌ಲ್ಯಾಟ್ ಎಂಬ ತನ್ನದೇ ಪರೀಕ್ಷೆಯನ್ನು ಸೆಪ್ಟೆಂಬರ್ 12ರಂದು ಮನೆಯಿಂದಲೇ ಬರೆಸಿತು. ಫೋನಿನಲ್ಲೂ ಬರೆಯಲು ಅವಕಾಶ ಕೊಟ್ಟಿತು. ತಾಂತ್ರಿಕ ತೊಂದರೆ ಆದವರಿಗೆ 14ರಂದು ಮರುಪರೀಕ್ಷೆ ನಡೆಸಬೇಕಾಯಿತು. ಅಷ್ಟರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸೆಪ್ಟೆಂಬರ್ 21ರಂದು ಕೋರ್ಟು ಆ ಪರೀಕ್ಷೆಯನ್ನು ರದ್ದು ಮಾಡಿ, 28ರ ಕ್ಲಾಟ್ ಮೂಲಕವೇ ಸೀಟು ಕೊಡಿ ಅಂತ ಹೇಳಿತು. ಮನೆಯಲ್ಲಿ ಕೂತು ಬರೆಯುವ ಪ್ರವೇಶ ಪರೀಕ್ಷೆಯಲ್ಲಿ ಪಾರದರ್ಶಕತೆ ಕಾಪಾಡೋದು ಕಷ್ಟ ಅನ್ನೋದೂ ಕೋರ್ಟಿನ ಕಾರಣಗಳಲ್ಲಿ ಒಂದು.

ಇತ್ತ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ 2020ರ ಅಕ್ಟೋಬರ್‌ನಲ್ಲಿ ಅಂತಿಮ ವರ್ಷದವರ ಆನ್‌ಲೈನ್ ಪರೀಕ್ಷೆ ಶುರು ಮಾಡಿತು. ಪುಣೆ, ನಾಸಿಕ್ ಮತ್ತು ಆಗ ಅಹಮದ್‌ನಗರ ಅಂತ ಕರೀತಿದ್ದ ಜಿಲ್ಲೆಯ ಬಹಳಷ್ಟು ಕಾಲೇಜುಗಳು ಅದರ ಅಡಿಯಲ್ಲಿ ಬರ್ತವೆ. 2021ರ ಹೊತ್ತಿಗೆ ಕ್ಯಾಮೆರಾ ಕಣ್ಗಾವಲಿನ ಪ್ರಾಕ್ಟರ್ಡ್ ಪರೀಕ್ಷೆ ಅಲ್ಲಿ ಮಾಮೂಲಾಯಿತು. ಇಲ್ಲಿ ಓದುತ್ತಿದ್ದ ನಮ್ಮ ಕಡೆ ಹುಡುಗರು ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿ, ಅಲ್ಲಿಂದಲೇ ಬರೆದರು.

ಈಗ ಇನ್ನೊಂದು ಕಡೆಯ ಕಥೆ ಕೇಳಿ. ಪರೀಕ್ಷೆ ನಡೆಸುವವರು ಕ್ಯಾಮೆರಾ ತೆರೆಸಲು ಹೊರಟ ಕಾಲಕ್ಕೇ, ಫೋನ್ ಮಾಡುವವರು ಅದಕ್ಕೆ ಒಂದೊಂದೇ ಬೀಗ ಹಾಕ್ತಾ ಬಂದಿದ್ರು.

2015ಕ್ಕೆ ಮುಂಚಿನ ಆಂಡ್ರಾಯ್ಡ್‌ನಲ್ಲಿ ಆಪ್ ಹಾಕಿಕೊಳ್ಳುವಾಗಲೇ ಎಲ್ಲಾ ಅನುಮತಿ ಒಟ್ಟಿಗೆ ಕೊಟ್ಟುಬಿಡಬೇಕಿತ್ತು. ಟಾರ್ಚ್ ಆಪ್ ನಮ್ಮ ಕಾಂಟ್ಯಾಕ್ಟ್ಸ್ ಕೇಳಿದ್ರೂ ಒಪ್ಪಬೇಕು, ಇಲ್ಲಾಂದ್ರೆ ಆಪೇ ಇಲ್ಲ. 2015ರ ಅಕ್ಟೋಬರ್‌ನಲ್ಲಿ ಬಂದ ಆಂಡ್ರಾಯ್ಡ್ 6, ಕ್ಯಾಮೆರಾ ಬೇಕಾದಾಗಲೇ ಕೇಳು ಅಂತ ನಿಯಮ ಮಾಡಿತು. ಅದೇ ಡಿಸೆಂಬರ್‌ನಲ್ಲಿ ಕ್ರೋಮ್ 47, ಎಚ್‌ಟಿಟಿಪಿಎಸ್ ಇಲ್ಲದ ವೆಬ್‌ಸೈಟಿಗೆ ಕ್ಯಾಮೆರಾ ಕೊಡೋದನ್ನೇ ನಿಲ್ಲಿಸಿತು. 2018ರ ಆಂಡ್ರಾಯ್ಡ್ 9, ಹಿಂದೆ ಸರಿದ ಆಪ್‌ಗೆ ಕ್ಯಾಮೆರಾ ಇಲ್ಲ ಅಂದಿತು. 2020ರ ಸೆಪ್ಟೆಂಬರ್‌ನಲ್ಲಿ, ಎನ್‌ಲ್ಯಾಟ್‌ಗೆ ಕೆಲವೇ ದಿನ ಮುಂಚೆ ಬಿಡುಗಡೆಯಾದ ಆಂಡ್ರಾಯ್ಡ್ 11, 'ಈ ಸಲ ಮಾತ್ರ' ಅನ್ನೋ ಅನುಮತಿ ತಂದಿತು. ಅದರಲ್ಲಿ ಎರಡು ಸಲ 'ಬೇಡ' ಅಂದ್ರೆ ಆಪ್ ಮತ್ತೆ ಕೇಳೋ ಹಾಗೂ ಇಲ್ಲ. 2021ರ ಆಂಡ್ರಾಯ್ಡ್ 12 ಇಡೀ ಫೋನಿನ ಕ್ಯಾಮೆರಾಕ್ಕೇ ಒಂದು ಮೇನ್ ಸ್ವಿಚ್ ಕೊಟ್ಟಿತು.

ಐಫೋನ್‌ನಲ್ಲಿ ಇನ್ನೊಂದು ತೊಡಕು. 2017ರ ಐಒಎಸ್ 11ರಿಂದ ಸಫಾರಿಯಲ್ಲಿ ವೆಬ್‌ಸೈಟಿಗೆ ಕ್ಯಾಮೆರಾ ಸಿಗುತ್ತಿತ್ತು. ಕ್ರೋಮ್ ಮುಂತಾದ ಬೇರೆ ಬ್ರೌಸರ್‌ಗಳಿಗೆ ಆ ದಾರಿ ತೆರೆದದ್ದು 2020ರ ಡಿಸೆಂಬರ್‌ನ 14.3 ಆವೃತ್ತಿಯಲ್ಲಿ. ಅಂದ್ರೆ ಆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಐಫೋನಿನ ಕ್ರೋಮ್‌ನಲ್ಲಿ ಕ್ಯಾಮೆರಾ ಬೇಡುವ ಪರೀಕ್ಷೆಯ ಪುಟ ತೆರೆದವರು ಎಷ್ಟು ಸಲ ರಿಫ್ರೆಶ್ ಮಾಡಿದ್ರೂ ಕ್ಯಾಮೆರಾ ಬರುವಂತಿರಲಿಲ್ಲ.

ಈ ಪ್ರತಿಯೊಂದು ಬೀಗವೂ ನಮ್ಮ ಪರವಾಗಿ ಬಿದ್ದದ್ದು. ಕದ್ದು ನೋಡುವ ಆಪ್‌ಗಳಿಂದ ನಮ್ಮನ್ನು ಕಾಪಾಡಲು. ಪರೀಕ್ಷೆಯ ಬೆಳಿಗ್ಗೆ ಮಾತ್ರ ಅವು ಅಡ್ಡ ಬರ್ತವೆ. ಹಾಗಾಗಿ ಸಿಕ್ಕಸಿಕ್ಕದ್ದನ್ನು ಒತ್ತಬೇಡಿ. ಹೊರಗೇಟಿನಿಂದ ಒಳಮನೆಗೆ ಹೋಗುವ ಹಾಗೆ, ಕೊನೆಗೆ ಹಾಕಿದ ಬೀಗದಿಂದ ಶುರು ಮಾಡಿ.

ಮೊದಲು ಮೇಲಿಂದ ಎಳೆಯುವ ಕ್ವಿಕ್ ಸೆಟ್ಟಿಂಗ್ಸ್‌ನಲ್ಲಿ 'ಕ್ಯಾಮೆರಾ ಆಕ್ಸೆಸ್' ಆನ್ ಇದೆಯಾ ನೋಡಿ. ಆಮೇಲೆ ಸೆಟ್ಟಿಂಗ್ಸ್, ಆಪ್ಸ್, ಕ್ರೋಮ್ ಅಥವಾ ಪರೀಕ್ಷೆಯ ಆಪ್, ಪರ್ಮಿಷನ್ಸ್, ಕ್ಯಾಮೆರಾ. ಅಲ್ಲಿ 'ಆಪ್ ಬಳಸುವಾಗ ಮಾತ್ರ' ಅನ್ನೋದನ್ನು ಆರಿಸಿ. ಪರೀಕ್ಷೆ ಮಧ್ಯೆ ಕರೆ ಬಂದು ಪುಟ ಹಿಂದೆ ಸರಿದ್ರೆ ಕ್ಯಾಮೆರಾ ಕಡಿದುಹೋಗಬಹುದು, ಅದಕ್ಕೆ 'ಡು ನಾಟ್ ಡಿಸ್ಟರ್ಬ್' ಹಾಕಿ. ಮೇಲ್ ಅಥವಾ ಚಾಟ್ ಆಪ್‌ನ ಒಳಗೇ ಲಿಂಕ್ ತೆರೆಯಬೇಡಿ, ಕಾಪಿ ಮಾಡಿ ಪೂರ್ಣ ಬ್ರೌಸರ್‌ಗೆ ತನ್ನಿ. ವಿಳಾಸ ಎಚ್‌ಟಿಟಿಪಿಎಸ್ ಇರಲಿ. ವಿಳಾಸದ ಪಕ್ಕದ ಚಿಹ್ನೆ ಒತ್ತಿ ಆ ಸೈಟಿಗೆ ಕ್ಯಾಮೆರಾ 'ಅಲೌ' ಮಾಡಿ, ಪುಟ ಮತ್ತೆ ಲೋಡ್ ಮಾಡಿ.

ಪರದೆಯ ಮೇಲೆ ಬರುವ ತಪ್ಪಿನ ಹೆಸರೂ ಸುಳಿವು ಕೊಡುತ್ತೆ. 'ನಾಟ್ ಅಲೌಡ್ ಎರರ್' ಅಂದ್ರೆ ಯಾವುದೋ ಬೀಗ ತೆರೆದಿಲ್ಲ. 'ನಾಟ್ ರೀಡಬಲ್ ಎರರ್' ಅಂದ್ರೆ ಅನುಮತಿ ಇದೆ, ಆದ್ರೆ ಸಾಮಾನ್ಯವಾಗಿ ಬೇರೆ ಯಾವುದೋ ಆಪ್ ಕ್ಯಾಮೆರಾ ಹಿಡಿದು ಕೂತಿದೆ. ವಿಡಿಯೋ ಕಾಲ್ ಆಪ್‌ಗಳನ್ನು ಮುಚ್ಚಿ, ಆಗಲಿಲ್ಲಾಂದ್ರೆ ಫೋನ್ ರೀಸ್ಟಾರ್ಟ್ ಮಾಡಿ.

ಇಷ್ಟೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದ್ರೆ, ಕ್ಯಾಮೆರಾ ನಿಂತದ್ದನ್ನು ಕಳ್ಳತನ ಅಂತ ಓದುವ ಅಭ್ಯಾಸ ಇನ್ನೂ ಹೋಗಿಲ್ಲ. 2021ರಲ್ಲಿ ವಿಜಯಪುರದಿಂದ ಬರೀತಿದ್ದ ನನ್ನ ಅಕ್ಕನ ಮಗನಿಗೆ ಹಾಗೇ ಆಯಿತು. ಒಂದು ಕರೆ ಬಂತು, ಕ್ಯಾಮೆರಾ ಹೋಯಿತು, ಆ ಹುಡುಗನ ಹೆಸರು ಅನುಮಾನದ ಪಟ್ಟಿಗೆ ಬಿತ್ತು. "ಮಾಮಾ, ನಾನು ಏನೂ ಮುಚ್ಚಿಲ್ಲ" ಅಂತ ಅಳುದನಿಯಲ್ಲಿ ಫೋನ್ ಮಾಡಿದ. ಎರರ್‌ನ ಸ್ಕ್ರೀನ್‌ಶಾಟ್, ಕರೆ ಬಂದ ಸಮಯ ಎರಡನ್ನೂ ಸೇರಿಸಿ ಕಾಲೇಜಿಗೆ ಮೇಲ್ ಮಾಡಿಸಿದೆ. ಮರುಪರೀಕ್ಷೆ ಸಿಕ್ಕಿತು. ಆ ಎರಡು ದಾಖಲೆ ಇಲ್ಲದಿದ್ರೆ ಅವನ ಮಾತಿಗೆ ಸಾಕ್ಷಿಯೇ ಇರ್ತಿರಲಿಲ್ಲ. ನೀವೂ ತೊಂದರೆ ಆದ ಕ್ಷಣವೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಪರೀಕ್ಷೆ ಮುಗಿದ ಮೇಲೆ ಬೀಗ ಮತ್ತೆ ಹಾಕೋದೂ ಅಷ್ಟೇ ಮುಖ್ಯ. ಆಧಾರ್ ವಿರುದ್ಧ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು. 2022ರ ಆಗಸ್ಟ್‌ನಲ್ಲಿ ಅಮೆರಿಕದ ಓಹಾಯೋದಲ್ಲಿ, ಕ್ಲೀವ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿ ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಯ ಕೋಣೆಯನ್ನು ಕ್ಯಾಮೆರಾದಲ್ಲಿ ತೋರಿಸಿಕೊಂಡದ್ದು ಸಂವಿಧಾನಕ್ಕೆ ವಿರುದ್ಧ ಅಂತ ಫೆಡರಲ್ ಕೋರ್ಟು ತೀರ್ಪು ಕೊಟ್ಟಿತು.

ಹಾಗಾಗಿ ಪೇಪರ್ ಸಬ್ಮಿಟ್ ಆದ ಕೂಡಲೇ ಆ ಸೈಟಿನ ಅನುಮತಿ ತೆಗೆಯಿರಿ, ಪರೀಕ್ಷೆಯ ಆಪ್ ಇದ್ದರೆ ಅನ್‌ಇನ್‌ಸ್ಟಾಲ್ ಮಾಡಿ. ಕ್ಯಾಮೆರಾದಲ್ಲಿ ನಿಮಗೆ ಆದ ತೊಂದರೆ, ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ ಸಮೇತ ಕೆಳಗೆ ಬರೆಯಿರಿ. ಇನ್ನೊಬ್ಬರ ಪರೀಕ್ಷೆಗೆ ಅದು ಉಪಯೋಗ ಆಗುತ್ತೆ. ಮುಂದಿನ ವಿಡಿಯೋದಲ್ಲಿ ಸಿಗೋಣ.