ಪದ ಪರಿಚಯ: ತಾಂಡಾ

ತಾಂಡಾ (ನಾಮಪದ): ಲಂಬಾಣಿಗರ ವಸತಿ. ‘ತಾಂಡ’ ಎಂದೂ ಬರೆಯುವುದುಂಟು.

ಊರಾಚೆಯ ವಸತಿಗೆ ಇಂದು ಹೇಳುವ ಈ ಮಾತು ಮೊದಲು ನಡೆಯುವ ಊರಿನ ಹೆಸರು. ಹಿಂದಿಯ ‘ಟಾಂಡಾ’ ಎಂದರೆ ಸರಕು ಹೇರಿಕೊಂಡು ಹೊರಟ ಬಂಜಾರರ (ಲಂಬಾಣಿಗರ) ಎತ್ತುಗಳ ಸಾಲು. ಉಪ್ಪು, ದವಸ ಹೇರಿದ ಎತ್ತುಗಳ ಜೊತೆಗೆ ಮನೆಮಂದಿಯೂ ಸಾಗುತ್ತಿದ್ದರು, ಮುಂದಾಳು ನಾಯಕ. ರೈಲು ಬಂದ ಮೇಲೆ ಹೇರಾಟದ ವ್ಯಾಪಾರ ಕುಸಿಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಹಲವೆಡೆ ಬಂಜಾರರಿಗೂ ಹುಟ್ಟುಗಳ್ಳರ ಹಣೆಪಟ್ಟಿ ಹಚ್ಚಿತು. 1952ರಲ್ಲಿ ಕಾಯ್ದೆ ರದ್ದಾದರೂ ಹಣೆಪಟ್ಟಿ ಪೂರ್ತಿ ಅಳಿಯಲಿಲ್ಲ.

ಹಾಗಾಗಿ ‘ತಾಂಡಾದವರು’ ಎಂಬ ಮಾತಿಗೆ ಎರಡು ದನಿ. ವಿಳಾಸ ಹೇಳುವಾಗ ಅದು ಬರೀ ಗುರುತು; ಪೇಟೆಯಲ್ಲಿ ಬಾಡಿಗೆ ಮನೆ ಕೇಳಿದಾಗ ‘ಓ, ತಾಂಡಾದವರಾ?’ ಎಂದು ಎಳೆದರೆ ಬಾಗಿಲು ಮುಚ್ಚಿದಂತೆಯೇ. ಅಮೆರಿಕದ ರಾಜಕೀಯ ಭಾಷಣಗಳಲ್ಲಿ ‘ಇನ್ನರ್ ಸಿಟಿ’ ಎಂದರೂ ಇದೇ ಕಥೆ: ಹೆಸರು ಜಾಗದ್ದು, ಗುರಿ ಕಪ್ಪು ಜನ. ಲಂಬಾಣಿ ನುಡಿಯಲ್ಲೂ ಒಳಗು-ಹೊರಗಿನ ಗೆರೆಯುಂಟು: ತಮ್ಮವರು ‘ಗೋರ್’, ಹೊರಗಿನವರು ‘ಕೋರ್’. ಆದರೆ ಮನೆ ಕೊಡುವ, ಬಿಡುವ ಅಧಿಕಾರ ಬಹುಕಾಲ ಇದ್ದುದು ಕೋರ್ ಕೈಯಲ್ಲಿ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಈ ಪದಕ್ಕೆ ಅಳುಕಿಲ್ಲ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಇಲ್ಲಿಗೆ ಫೆಬ್ರುವರಿಯ ಜಯಂತಿಗೆ ಮಾಲಾಧಾರಿಗಳು ಕಾಲ್ನಡಿಗೆಯಲ್ಲಿ ಬರುತ್ತಾರೆ, ‘ಯಾವ ತಾಂಡಾ?’ ಎಂಬುದು ಅಲ್ಲಿ ಪರಿಚಯದ ಮೊದಲ ಪ್ರಶ್ನೆ.

ಸರ್ಕಾರಿ ಕಡತದಲ್ಲಿ ಈಗ ಹಲವು ತಾಂಡಾಗಳು ‘ಕಂದಾಯ ಗ್ರಾಮ’. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಇಂಥ ಗ್ರಾಮಗಳ 50 ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ನೀಡಲಾಯಿತು.